ಗೆದ್ದವರ ಲೆಕ್ಕ

ಈಚೆಗೆ ಹಬ್ಬಕ್ಕೆಂದು ಕೊಟ್ಟೂರಿಗೆ ಹೋಗಿದ್ದಾಗ ನನ್ನ ಸೋದರಳಿಯ ಒಂದು ಮಹಾಯುದ್ಧವನ್ನೇ ಗೆದ್ದ. ಊಟಕ್ಕೆ ಮೂರು ಸಲ ಕರೆದರೂ ಏಳಲಿಲ್ಲ. ಕಂಪ್ಯೂಟರಿನ ಪರದೆಯ ಮೇಲೆ ಅವನದೊಂದು ಸಣ್ಣ ರೋಮನ್ ದಂಡು. ಎದುರಿಗೆ ಅದರ ನಾಲ್ಕು ಪಾಲು ವೈರಿಗಳು. ಅರ್ಧ ಗಂಟೆಯಲ್ಲಿ ವೈರಿಗಳು ದಿಕ್ಕೆಟ್ಟು ಓಡಿದರು. ವೀರವಿಜಯವೆಂದು ಪರದೆಯೇ ಸಾರಿತು. ಆಟದ ಹೆಸರು 'ರೋಮ್: ಟೋಟಲ್ ವಾರ್', 2004ರಲ್ಲಿ ಬಂದದ್ದು. ಕಾವ್ಯ ಕಾದಂಬರಿಗಳ ಪುಟದಲ್ಲಿ ಹುಡುಗರ ಆಟಕ್ಕೇನು ಕೆಲಸ ಎಂದು ವಾಚಕರು ಕೇಳಬಹುದು. ಆಟವೂ ಒಂದು ಕಥೆ ಹೇಳುತ್ತದೆ. ಕಥೆ ಹೇಳಿದ ಮೇಲೆ ವಿಮರ್ಶೆಗೆ ಒಳಗಾಗಲೇಬೇಕು.

ಮೆಚ್ಚಬೇಕಾದ್ದನ್ನು ಮೊದಲು ಮೆಚ್ಚೋಣ. ಈ ಆಟದಲ್ಲಿ ಸೈನಿಕರೆಂದರೆ ಬರಿಯ ತಲೆಯೆಣಿಕೆಯಲ್ಲ. ಪ್ರತಿಯೊಂದು ತುಕಡಿಗೂ ಇಷ್ಟೆಂದು ಎದೆಗಾರಿಕೆಯಿದೆ. ದಣಿದರೆ, ದಳಪತಿ ಬಿದ್ದರೆ, ಬೆನ್ನ ಹಿಂದಿನಿಂದ ಪೆಟ್ಟು ಬಂದರೆ ಅದು ಕುಗ್ಗುತ್ತದೆ. ಒಂದು ತುಕಡಿ ಓಡಿತೆಂದರೆ ಪಕ್ಕದ್ದಕ್ಕೂ ಕಾಲು ನಡುಗುತ್ತದೆ. ನನ್ನ ಅಳಿಯ ಕಾಲಾಳುಗಳನ್ನು ಮುಂದೆ ಗೋಡೆಯಂತೆ ನಿಲ್ಲಿಸಿ, ಕುದುರೆಗಳನ್ನು ಸುತ್ತು ಹಾಕಿಸಿ ಹಿಂದಿನಿಂದ ನುಗ್ಗಿಸಿದ. ಕ್ರಿ.ಪೂ. 216ರಲ್ಲಿ ಕ್ಯಾನೆಯ ಬಯಲಿನಲ್ಲಿ ಹ್ಯಾನಿಬಾಲನು ತನಗಿಂತ ದೊಡ್ಡದಾದ ರೋಮನ್ ಸೈನ್ಯವನ್ನು ಮುಗಿಸಿದ್ದು ಸುಮಾರಾಗಿ ಹೀಗೆಯೇ. ದೊಡ್ಡ ದಂಡು ಕತ್ತಿಗಿಂತ ಮೊದಲು ಭಯಕ್ಕೆ ಸೋಲುತ್ತದೆಂಬ ಈ ಸತ್ಯ ನಮ್ಮ ಎಷ್ಟೋ ಚಾರಿತ್ರಿಕ ಕಾದಂಬರಿಗಳಿಗೆ ಹೊಳೆದಿಲ್ಲ.

ಆದರೆ ಗೆದ್ದವನನ್ನು 'ಅಲ್ಪಬಲದವ' ಎನ್ನುವುದು ಎಷ್ಟು ಸರಿ? ನಮ್ಮ ಜಗಲಿಕಟ್ಟೆಗಳ ಹುಲಿ-ಕುರಿ ಆಟವನ್ನು ನೆನೆಯಿರಿ. ಹುಲಿ ಮೂರು, ಕುರಿ ಹದಿನೈದು. ಕಡಿಮೆಯಿರುವುದು ಹುಲಿಯೇ; ಹಾಗೆಂದು ಹುಲಿಯನ್ನು ಕಂಡು ಯಾರೂ ಅಯ್ಯೋ ಎನ್ನುವುದಿಲ್ಲ. ಕುರಿಗಳು ಗೆಲ್ಲಬೇಕಾದರೆ ಒತ್ತೊತ್ತಾಗಿ ನಿಂತು ಹುಲಿಗೆ ಹೆಜ್ಜೆಯಿಡಲು ಜಾಗವಿಲ್ಲದಂತೆ ಮಾಡಬೇಕು. ನನ್ನ ಅಳಿಯನ ಕುದುರೆಗಳು ಹುಲಿಗಳಾಗಿದ್ದವು. ಮೇಲಾಗಿ ಅವನು ಹದ್ದಿನಂತೆ ಮೇಲಿನಿಂದ ರಣವನ್ನು ನೋಡುತ್ತಿದ್ದ. ಬೇಕೆಂದಾಗ ಕಾಲವನ್ನೇ ನಿಲ್ಲಿಸುತ್ತಿದ್ದ. ಹ್ಯಾನಿಬಾಲನಿಗೆ ಕಂಡದ್ದು ಬಹುಮಟ್ಟಿಗೆ ಧೂಳು. ಹುಲಿಯಾಗಿ ಆಡಿ ಕುರಿಯ ಕೀರ್ತಿಯನ್ನು ಹೊಡೆದುಕೊಳ್ಳುವುದು ಈ ಆಟದ ಮೊದಲನೆಯ ದೋಷ.

ಈ ದೋಷ ಹೊಸದೇನಲ್ಲ. ಅಲೆಗ್ಸಾಂಡರನ ಚರಿತ್ರೆ ಬರೆದ ಏರಿಯನ್, ಗೌಗಮೇಲದಲ್ಲಿ ಪರ್ಷಿಯದ ದೊರೆಗೆ 10 ಲಕ್ಷ ಕಾಲಾಳು, 40,000 ಕುದುರೆಯೆಂದು ಲೆಕ್ಕ ಕೊಡುತ್ತಾನೆ. ನಮ್ಮವರೇನು ಕಡಿಮೆ? ಸುಮಾರು 1190ರ ಹೊತ್ತಿಗೆ ಸೊರಟೂರಿನಲ್ಲಿ ಹೊಯ್ಸಳ ವೀರಬಲ್ಲಾಳನು ಸೇವುಣರನ್ನು ಮುರಿದಾಗ, ಸೋತವರದು 2 ಲಕ್ಷ ಕಾಲಾಳು, 12,000 ಕುದುರೆಯೆಂದು ಶಾಸನಕವಿ ಹೇಳಿದ. ಹರಪನಹಳ್ಳಿ ಸೀಮೆಯ ಉಚ್ಚಂಗಿಯನ್ನು ಚೋಳ ಹನ್ನೆರಡು ವರ್ಷ ಮುತ್ತಿ ಕೈಬಿಟ್ಟನಂತೆ. ಬಲ್ಲಾಳ ಲೀಲೆಯಿಂದ ಹಿಡಿದನಂತೆ. ಗೆದ್ದವನ ಹಿರಿಮೆಯನ್ನು ಅಳೆಯಲು ಆಸ್ಥಾನಕವಿಗೆ ಸೋತವರ ಸಂಖ್ಯೆಯೇ ಕೊಳಗ. ಆದರೂ ಆ ಶಾಸನಪರಂಪರೆ ಒಂದು ಮಾತನ್ನು ಮರೆತಿಲ್ಲ: ಶರಣುಬಂದ ಉಚ್ಚಂಗಿಯ ಪಾಂಡ್ಯ ಕಾಮದೇವನಿಗೆ ಬಲ್ಲಾಳ ರಾಜ್ಯವನ್ನು ತಿರುಗಿ ಕೊಟ್ಟ. ಪರದೆಯ ಮೇಲೆ ಓಡುವವರ ಬೆನ್ನಟ್ಟುವುದೇ ಜಾಣತನ.

ಮರುದಿನ ಹಡಗಲಿಗೆ ಹೋಗುವ ದಾರಿಯಲ್ಲಿ, ಒಂದು ಹಳ್ಳಿಯ ಹೊರಗೆ ಜಾಲಿಯ ಮರೆಯಲ್ಲಿದ್ದ ವೀರಗಲ್ಲೊಂದನ್ನು ಹುಡುಗನಿಗೆ ತೋರಿಸಿದೆ. ಕೂಡ್ಲಿಗಿಯಿಂದ ಹಡಗಲಿಯವರೆಗೆ ಇಂಥ ಕಲ್ಲುಗಳು ನಮಗೆ ಎಷ್ಟು ಪರಿಚಿತವೆಂದರೆ ನಾವು ಅವನ್ನು ನೋಡುವುದೇ ಇಲ್ಲ. ಕೆಳಗಿನ ಪಟ್ಟಿಕೆಯಲ್ಲಿ ಒಬ್ಬ, ಎದುರಿಗೆ ಹಲವರು, ಪಕ್ಕದಲ್ಲಿ ದನಗಳು. ನಡುವೆ ಅವನನ್ನು ಅಪ್ಸರೆಯರು ಒಯ್ಯುತ್ತಿದ್ದಾರೆ. ಮೇಲೆ ಲಿಂಗದ ಸನ್ನಿಧಿ.

"ಇವನು ಗೆದ್ದನೇ ಮಾಮ?" ಎಂದ.

"ಸತ್ತ. ತುರುಗೋಳಿನಲ್ಲಿ ಎಷ್ಟೋ ಸಲ ದನ ಮನೆಗೆ ಬರುತ್ತಿದ್ದವು, ಬಿಡಿಸಹೋದವನು ಬರುತ್ತಿರಲಿಲ್ಲ" ಎಂದೆ.

ಹುಡುಗ ಕಲ್ಲನ್ನು ಮುಟ್ಟಿನೋಡಿ ಸುಮ್ಮನಾದ.

ಹಿಂದಿನ ದಿನ ಅವನ ಕಡೆಯೂ ಇನ್ನೂರು ಚಿಲ್ಲರೆ ಜನ ಸತ್ತಿದ್ದರು. ಕೊನೆಯಲ್ಲಿ ಒಂದು ಪಟ್ಟಿ ಬಂತು. ಗುಂಡಿಯೊತ್ತಿದ, ಪಟ್ಟಿ ಹೋಯಿತು. ನನ್ನ ಮುಖ್ಯ ಆಕ್ಷೇಪ ಇಲ್ಲಿದೆ. ಸೈನ್ಯ ಏಕೆ ಮುರಿಯುತ್ತದೆಂದು ಬಲ್ಲ ಈ ಆಟಕ್ಕೆ, ಮುರಿಯದೆ ನಿಂತವನಿಗೆ ಏನಾಯಿತೆಂಬ ಚಿಂತೆಯಿಲ್ಲ. ಆಸ್ಥಾನಕವಿಯಂತೆ ಅದು ದೊರೆಯ ಗೆಲುವನ್ನು ಬಲ್ಲದು. ಊರವರಂತೆ ಒಬ್ಬನ ಸಾವನ್ನು ನೆನೆಯಲಾರದು. ಹುಡುಗರು ಆಡಲಿ, ಗೆಲ್ಲಲಿ, ನಾನು ಬೇಡವೆನ್ನುವುದಿಲ್ಲ. ಆದರೆ ಅಲ್ಪರು ಬಹುಜನರನ್ನು ಗೆದ್ದ ಕಥೆಯನ್ನು ಯಾರೇ ಹೇಳಲಿ, ಆ ಅಲ್ಪರಲ್ಲಿ ಮನೆಗೆ ಮರಳಿದವರೆಷ್ಟು ಎಂದು ಕೇಳುವುದನ್ನು ನಾವು ಬಿಡಬಾರದು.