ಚೋಮನ ದುಡಿ: ಓದಿದ್ದು, ನೋಡಿದ್ದು

ಶಿವರಾಮ ಕಾರಂತರ ‘ಚೋಮನ ದುಡಿ’ ಕಾದಂಬರಿ ಬಂದದ್ದು 1933ರಲ್ಲಿ. ಬಿ.ವಿ. ಕಾರಂತರು ಅದನ್ನು ತೆರೆಗೆ ತಂದದ್ದು 1975ರಲ್ಲಿ. ಚಿತ್ರಕ್ಕೆ ಸ್ವರ್ಣಕಮಲ ಬಂತು, ಚೋಮನಾದ ಎಂ.ವಿ. ವಾಸುದೇವ ರಾವ್ ಅವರಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ. ಕತೆ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಆದರೂ ಓದುವಾಗ ಚೋಮನ ಬಗ್ಗೆ ಹುಟ್ಟುವ ಭಾವ ಬೇರೆ, ನೋಡುವಾಗಿನದು ಬೇರೆ.

ಕಾದಂಬರಿಯಲ್ಲಿ ಎಲ್ಲವನ್ನೂ ಬಲ್ಲ ನಿರೂಪಕನಿದ್ದಾನೆ. ಚೋಮನಿಗೆ ಎತ್ತುಗಳಿವೆ, ಭೂಮಿಯಿಲ್ಲ. ಹುಟ್ಟಿದ ಜಾತಿಯಿಂದಾಗಿ ಬೇಸಾಯದ ಆಸೆಯೇ ಅಪರಾಧ. ಇದನ್ನು ನಿರೂಪಕ ಮರುಕದಿಂದ ವಿವರಿಸುತ್ತಾನೆ. ಆದರೆ ನಾವು ಕೂತಿರುವುದು ಅವನ ಪಕ್ಕದಲ್ಲಿ, ಚೋಮನ ಗುಡಿಸಲಿನಲ್ಲಲ್ಲ. ದೇವನೂರ ಮಹಾದೇವರನ್ನು ಓದಿ ಬಂದವರಿಗಂತೂ ಈ ದೂರ ಎದ್ದು ಕಾಣುತ್ತದೆ.

ಆ ದೂರದಿಂದ ಒಂದು ಲಾಭವೂ ಇದೆ. ಧಣಿ ಸಂಕಪ್ಪಯ್ಯ ದುಷ್ಟನಲ್ಲ. ಚೋಮನ ಬೇಡಿಕೆಗೆ ಅವನ ಮನಸ್ಸು ಕರಗುತ್ತದೆ. ತಾಯಿ ಒಪ್ಪುವುದಿಲ್ಲ, ಅಲ್ಲಿಗೆ ಮುಗಿಯಿತು. ‘ನನಗೇನೋ ಕೊಡಬೇಕೂಂತಲೇ ಇತ್ತು, ಮನೆಯಲ್ಲಿ ಒಪ್ಪಲಿಲ್ಲ’ ಎನ್ನುವ ಈ ಜಾತಿಯ ಒಳ್ಳೆಯತನ ನಮಗೆಲ್ಲ ಚೆನ್ನಾಗಿ ಪರಿಚಯದ್ದೇ. ಕನಿಕರ ಎಲ್ಲಿ ನಿಂತುಹೋಗುತ್ತದೆ ಎಂಬುದನ್ನು ಕಾರಂತರು ಇಲ್ಲಿ ಹಿಡಿದಷ್ಟು ಚಿತ್ರ ಹಿಡಿದಿಲ್ಲ. ಕ್ಯಾಮೆರಾಗೆ ಸಂಕಪ್ಪಯ್ಯನ ಮುಖ ಸಿಗುತ್ತದೆ. ಅವನು ತನಗೆ ತಾನೇ ಹೇಳಿಕೊಳ್ಳುವ ಸಮಾಧಾನ ಸಿಗುವುದಿಲ್ಲ.

ಬೆಳ್ಳಿಯ ವಿಷಯದಲ್ಲೂ ಕಾದಂಬರಿಯದೇ ಮೇಲುಗೈ. ಎಸ್ಟೇಟಿನಲ್ಲಿ ಅವಳು ಬರೀ ಬಲಿಪಶುವಲ್ಲ. ಅವಳಿಗೆ ಆಸೆಯಿದೆ, ಅಂಜಿಕೆಯಿದೆ, ಸಾಲ ತೀರಿದ್ದು ಹೇಗೆಂದು ಅಪ್ಪನಿಗೆ ಹೇಳಲಾಗದ ಸಂಕಟವಿದೆ.

ಆದರೆ ನೀಲ ನೀರುಪಾಲಾಗುವ ಸಂದರ್ಭಕ್ಕೆ ಬಂದರೆ ತಕ್ಕಡಿ ತಿರುಗುತ್ತದೆ. ಹುಡುಗ ಹೊಳೆಯಲ್ಲಿ ಮುಳುಗುತ್ತಿದ್ದಾನೆ, ದಡದಲ್ಲಿ ಮೇಲುಜಾತಿಯವರಿದ್ದಾರೆ. ನೀರಿಗಿಳಿಯಲು ಹೊರಟ ಒಬ್ಬ ತರುಣನನ್ನು ಉಳಿದವರು ತಡೆಯುತ್ತಾರೆ. ಓದುವಾಗ ನಮಗೆ ಅವರ ಮೇಲೆ ಸಿಟ್ಟು ಬರುತ್ತದೆ, ಸಿಟ್ಟು ಬಂದದ್ದಕ್ಕೆ ಒಂದು ಬಗೆಯ ನೆಮ್ಮದಿಯೂ ಆಗುತ್ತದೆ. ನೋಡುವಾಗ ಆ ನೆಮ್ಮದಿಯಿಲ್ಲ. ನಾವೂ ದಡದಲ್ಲೇ ನಿಂತು ನೋಡುತ್ತಿರುತ್ತೇವೆ.

ಚಿತ್ರದ ನಿಜವಾದ ಬಲ ಇರುವುದು ದುಡಿಯಲ್ಲಿ. ಪುಟದ ಮೇಲೆ ‘ದುಡಿ ಬಾರಿಸಿದ’ ಎಂದರೆ ಕಣ್ಣು ಮುಂದಿನ ಸಾಲಿಗೆ ಹೋಗುತ್ತದೆ, ಚೋಮನ ಮನಸ್ಸಿನ ವಿವರಣೆಯೂ ಬೆನ್ನಿಗೇ ಬರುತ್ತದೆ. ತೆರೆಯ ಮೇಲೆ ಆ ಸದ್ದು ನಿಲ್ಲುವ ತನಕ ಕೂತಿರಲೇಬೇಕು. ಹೊಟ್ಟೆಯ ಉರಿಯೋ, ಹೆಂಡದ ಅಮಲೋ, ಮಕ್ಕಳ ನೆನಪೋ, ಯಾರೂ ಬಿಡಿಸಿ ಹೇಳುವುದಿಲ್ಲ. ವಾಸುದೇವ ರಾವ್ ಕೂಡ ಮುಖದಲ್ಲಿ ಉತ್ತರ ಬರೆದು ತೋರಿಸುವ ನಟರಲ್ಲ. ಬಾಗಿದ ಬೆನ್ನು, ದಿಟ್ಟಿಸುವ ಕಣ್ಣು, ಅಷ್ಟೆ. ಚೋಮ ನಮಗೆ ಪೂರ್ತಿ ಅರ್ಥವಾಗುವುದಿಲ್ಲ. ಅರ್ಥವಾಗದೆಯೂ ಅವನ ಹತ್ತಿರ ಕೂತಿರುವಂತೆ ಚಿತ್ರ ಮಾಡುತ್ತದೆ. ಸಹಾನುಭೂತಿ ಎಂದರೆ ಇನ್ನೊಬ್ಬರ ಮನಸ್ಸನ್ನು ತಿಳಿದುಕೊಳ್ಳುವುದು ಎಂದು ಕಾದಂಬರಿ ನಂಬಿದೆ. ಚಿತ್ರಕ್ಕೆ ಅಷ್ಟು ಭರವಸೆಯಿಲ್ಲ. ನನಗೆ ಈ ಅನುಮಾನವೇ ಹೆಚ್ಚು ಪ್ರಾಮಾಣಿಕ ಅನಿಸುತ್ತದೆ. ಸಂಕಪ್ಪಯ್ಯನನ್ನು ಕಾಣಲು ಮಾತ್ರ ಪುಸ್ತಕಕ್ಕೇ ಹೋಗಬೇಕು.

ಕೊನೆಯಲ್ಲಿ ಚೋಮ ಗುಡಿಸಲ ಬಾಗಿಲು ಹಾಕಿಕೊಂಡು ಬಾರಿಸುತ್ತಾನೆ. ಊರಿನಿಂದ ದೂರವಿರುವ ನಮ್ಮಲ್ಲಿ ಹಲವರು ಈ ಚಿತ್ರವನ್ನು ನೋಡುವುದು ಲೋಕಲ್ ಟ್ರೈನಿನಲ್ಲಿ, ಮೊಬೈಲಿನ ಮೇಲೆ. ಅದರ ಸ್ಪೀಕರಿನಲ್ಲಿ ದುಡಿ ಬರೀ ಟಕಟಕ ಅನ್ನುತ್ತದೆ. ಆ ಕೊನೆಯ ಭಾಗವನ್ನಾದರೂ ಮನೆಯಲ್ಲಿ, ಒಳ್ಳೆಯ ಇಯರ್‌ಫೋನ್ ಹಾಕಿಕೊಂಡು ಕೇಳಿ.