ದಿಮ್ಮಿಯ ಬಳಿಗೆ ಬರುವ ಗರಗಸ

ನಾಲ್ಕು ವರ್ಷದ ಹಿಂದೆ ಆಷಾಢದ ಗಾಳಿಗೆ ನಮ್ಮ ಕೊಟ್ಟಿಗೆಯ ಹಿಂದಿದ್ದ ಹಲಸಿನ ಮರ ಬುಡಸಮೇತ ಮಲಗಿತು. ತಬ್ಬಲು ಇಬ್ಬರು ಬೇಕಾದಂಥ ಮರ. ಕೊಂಬೆ ಕಡಿದಲ್ಲೆಲ್ಲ ಅರಿಸಿನ ಬಣ್ಣದ ಚೇಗು ಕಾಣುತ್ತಿತ್ತು. ಎರಡು ಬಾಗಿಲು, ಒಂದು ಮಂಚ, ಉಳಿದರೆ ಅಟ್ಟಕ್ಕೆ ಹಲಗೆ ಎಂದು ಮನೆಯವರೆಲ್ಲ ಲೆಕ್ಕ ಹಾಕಿದೆವು. ಆಮೇಲೆ ಇನ್ನೊಂದು ಲೆಕ್ಕ ಶುರುವಾಯಿತು: ಅರ್ಜಿ, ರಹದಾರಿ, ಧರೆಯ ಕೆಳಗಿನಿಂದ ದಿಮ್ಮಿ ಎಳೆಯುವ ಯಂತ್ರ, ಲಾರಿ ಬಾಡಿಗೆ, ಪೇಟೆಯ ಮಿಲ್ಲಿನಲ್ಲಿ ಸರದಿ, ಕೊಯ್ಯುವ ಕೂಲಿ, ಹಲಗೆಯನ್ನು ಮತ್ತೆ ಮನೆಗೆ ತರುವ ಬಾಡಿಗೆ. ಅಂಗಡಿಯಲ್ಲಿ ಸಿದ್ಧ ಬಾಗಿಲು ಕೊಳ್ಳುವುದೇ ಅಗ್ಗವೆಂದು ಗೊತ್ತಾಯಿತು. ದೀಪಾವಳಿ ಕಳೆದ ಮೇಲೆ ಆ ಹಲಸು ತುಂಡುತುಂಡಾಗಿ ಅಡಿಕೆ ಬೇಯಿಸುವ ಹಂಡೆಯ ಕೆಳಗೆ ಸೇರಿತು.

ಅಂಗಳಕ್ಕೇ ಬಂದು ಮರ ಕೊಯ್ದುಕೊಡುವ ಸಣ್ಣ ಯಂತ್ರ ಇದ್ದಿದ್ದರೆ ಎಂದು ಪರಿಸರದ ಕೆಲಸ ಮಾಡುವ ಗೆಳೆಯರೊಬ್ಬರ ಮುಂದೆ ಬಾಯಿಬಿಟ್ಟೆ. "ಆ ಯಂತ್ರ ಊರೊಳಗೆ ಕಾಲಿಟ್ಟರೆ ಕಾಡು ಉಳಿಯೋದಿಲ್ಲ ಮಾರಾಯ್ರೆ" ಅಂದರು. ಇದು ಅವರೊಬ್ಬರ ಮಾತಲ್ಲ. ಗರಗಸ ಕಾಡಿನಿಂದ ದೂರ ಇದ್ದಷ್ಟೂ ಕಾಡು ಕ್ಷೇಮ ಎಂಬ ನಂಬಿಕೆ ಅರಣ್ಯ ಇಲಾಖೆಯಲ್ಲಿದೆ, ಕಾನೂನಿನಲ್ಲಿದೆ, ಚಳವಳಿಯಲ್ಲಿದೆ. ಪೇಟೆಯ ಮಿಲ್ಲಿನ ಮಾಲೀಕರಿಗೂ ಇದೇ ನಂಬಿಕೆ. ಅವರದಕ್ಕೆ ಕಾರಣ ಬೇರೆ. ನನಗೆ ಈ ನಂಬಿಕೆಯ ಮೇಲೆ ತಕರಾರಿದೆ.

ಯಂತ್ರ ಎಂಥದ್ದೆಂದು ಮೊದಲು ಹೇಳಿಬಿಡುತ್ತೇನೆ. ಪೇಟೆಯ ಮಿಲ್ಲಿನಲ್ಲಿ ಗರಗಸ ಒಂದೇ ಕಡೆ ತಿರುಗುತ್ತಿರುತ್ತದೆ, ದಿಮ್ಮಿ ಟ್ರಾಲಿಯ ಮೇಲೆ ಕೂತು ಅದರ ಬಾಯಿಗೆ ಬರುತ್ತದೆ. ಇಲ್ಲಿ ದಿಮ್ಮಿ ಅಲುಗಾಡದೆ ಮಲಗಿರುತ್ತದೆ, ಎರಡು ಹಳಿಗಳ ಮೇಲೆ ಗರಗಸವೇ ಅದರ ಮೇಲಿಂದ ಹಾದುಹೋಗುತ್ತದೆ. ಅಮೆರಿಕದ ವುಡ್‌ಮೈಜರ್ ಕಂಪನಿ 1982ರಿಂದ ಇಂಥ ಯಂತ್ರಗಳನ್ನು ಮಾಡುತ್ತ ಬಂದಿದೆ. ಜೀಪಿನ ಹಿಂದೆ ಕಟ್ಟಿ ಎಳೆದೊಯ್ಯಬಹುದಾದ ಮಾದರಿಗಳಿವೆ. ಪಪುವಾ ನ್ಯೂಗಿನಿಯ ಹಳ್ಳಿಗಳಲ್ಲಿ ಬಿಚ್ಚಿ ಹೆಗಲ ಮೇಲೆ ಹೊರುವ ಇನ್ನೊಂದು ಬಗೆಯದಿದೆ. ಅಲ್ಲಿನವರು ಅದನ್ನು 'ವೊಕಾಬೌಟ್' ಮಿಲ್ಲು, ಅಂದರೆ ಅಡ್ಡಾಡುವ ಮಿಲ್ಲು, ಎನ್ನುತ್ತಾರೆ. ಒಳ್ಳೆಯ ಹೆಸರು.

ಗರಗಸ ಅಡ್ಡಾಡುವುದು ಮಲೆನಾಡಿಗೆ ಹೊಸತೂ ಅಲ್ಲ. ನಮ್ಮ ಅಜ್ಜನ ಕಾಲದಲ್ಲಿ ದಿಮ್ಮಿ ಎಲ್ಲಿಗೂ ಹೋಗುತ್ತಿರಲಿಲ್ಲ, ಗರಗಸದವರು ಮನೆಗೆ ಬರುತ್ತಿದ್ದರು. ಗುಂಡಿ ತೋಡಿಯೋ ಅಟ್ಟಳಿಗೆ ಕಟ್ಟಿಯೋ ದಿಮ್ಮಿ ಏರಿಸಿ, ಇದ್ದಿಲು ನೀರಿನಲ್ಲಿ ಅದ್ದಿದ ದಾರ ಎಳೆದುಬಿಟ್ಟು ಗೆರೆ ಹೊಡೆದು, ಮೇಲೊಬ್ಬ ಕೆಳಗೊಬ್ಬ ನಿಂತು ಎಳೆಯುತ್ತಿದ್ದರು. ಕೆಳಗಿನವನ ಕಣ್ಣಿಗೆಲ್ಲ ಹೊಟ್ಟು. ಕೂಲಿ ಅಡಿ ಲೆಕ್ಕ, ಊಟ ಮನೆಯಲ್ಲಿ. ನಮ್ಮ ಹಳೆಯ ಮನೆಗಳ ತೊಲೆ, ಜಂತಿ, ಬಾಗಿಲುಗಳೆಲ್ಲ ಹಾಗೆ ಕೊಯ್ದವು. ಹಲಗೆ ಮಾಡಿಸಬೇಕಾದರೆ ದಿಮ್ಮಿಯೇ ಪೇಟೆಗೆ ಹೋಗಬೇಕೆಂಬುದು ಮಿಲ್ಲು ಬಂದ ಮೇಲಿನ ಪದ್ಧತಿ. ಇಂದು ಅದನ್ನೇ ಪ್ರಕೃತಿ ನಿಯಮವೆಂಬಂತೆ ಮಾತಾಡುತ್ತೇವೆ.

ಗರಗಸ ದೂರವಿರಬೇಕೆಂಬ ನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ, ಅದನ್ನು ಒಪ್ಪಬೇಕು. ಬಂಡೀಪುರದಿಂದ ಹೆಚ್ಚು ದೂರವಿಲ್ಲದ ಗೂಡಲೂರಿನಲ್ಲಿ ಕಾಡು ಕಡಿಯುವುದನ್ನು ಕಂಡು ಸಹಿಸದ ನಿಲಂಬೂರು ರಾಜಮನೆತನದ ಗೋದಾವರ್ಮನ್ ತಿರುಮುಲ್ಪಾಡ್ 1995ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 1996ರ ಡಿಸೆಂಬರ್ 12ರ ಆದೇಶ ದೇಶದ ಕಾಡುಗಳೊಳಗೆ ಅನುಮತಿಯಿಲ್ಲದೆ ನಡೆಯುತ್ತಿದ್ದ ಗರಗಸದ ಮಿಲ್ಲು, ಪ್ಲೈವುಡ್ ಮಿಲ್ಲುಗಳನ್ನೆಲ್ಲ ನಿಲ್ಲಿಸಿತು. ಕಾಡಿನ ನಡುವೆ ಕೂತು ಹಗಲು ರಾತ್ರಿ ಮರ ನುಂಗುತ್ತಿದ್ದ ಮಿಲ್ಲುಗಳಿಗೆ ಅದು ಸರಿಯಾದ ಮದ್ದು. ಆ ಆದೇಶವಿಲ್ಲದಿದ್ದರೆ ಪಶ್ಚಿಮಘಟ್ಟದಲ್ಲಿ ಇವತ್ತು ಎಷ್ಟು ಮರ ಇರುತ್ತಿತ್ತೋ.

ಆದರೆ ಅಂದಿನ ಮದ್ದನ್ನು ಇಂದಿನ ಎಲ್ಲ ಕಾಯಿಲೆಗೂ ಕುಡಿಸುತ್ತಿದ್ದೇವೆ. ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿಯ ಪ್ರಕಾರ, ಪಟ್ಟಣ ಮತ್ತು ಕೈಗಾರಿಕಾ ವಸಾಹತುಗಳನ್ನು ಬಿಟ್ಟರೆ, ಕಾಡಿನ ಗಡಿಯಿಂದ 10 ಕಿ.ಮೀ. ಒಳಗೆ ಮರ ಕೊಯ್ಯುವ ಉದ್ಯಮಕ್ಕೆ ಜಾಗವಿಲ್ಲ. ಶೃಂಗೇರಿ, ತೀರ್ಥಹಳ್ಳಿ, ಸಿದ್ದಾಪುರದ ಕಡೆ ಯಾವ ಹಳ್ಳಿಯಲ್ಲಿ ನಿಂತರೂ ಕಾಡಿನ ಗಡಿ ಕಣ್ಣಳತೆಯಲ್ಲೇ ಇರುತ್ತದೆ. ಅಲ್ಲಿನ ಬೆಳೆಗಾರ ಸಿಲ್ವರ್ ಓಕ್ ನೆಟ್ಟು ಬೆಳೆಸಬಹುದು. ಅದನ್ನು ಕಡಿಯಲು 1976ರ ಮರ ಸಂರಕ್ಷಣಾ ಕಾಯ್ದೆಯ ಅನುಮತಿಯೂ ಬೇಡ. ಯಂತ್ರ ತಂದು ಅದೇ ಮರವನ್ನು ತನ್ನ ಕಣದಲ್ಲಿ ಹಲಗೆ ಮಾಡಲು ಹೊರಟರೆ ಮಾತ್ರ ಅದು ಗರಗಸದ ಮಿಲ್ಲು! ಹೀಗಾಗಿ ಅವನು ನಿಂತ ಮರವನ್ನೇ ವ್ಯಾಪಾರಿಗೆ ಮಾರುತ್ತಾನೆ. ಅಳತೆ ಟೇಪು ವ್ಯಾಪಾರಿಯ ಕೈಯಲ್ಲಿರುತ್ತದೆ. ಮರ ಬೆಳೆಸಿದವನಿಗೆ ದಿಮ್ಮಿಯ ಬೆಲೆ, ಹಲಗೆಯ ಬೆಲೆ ಬೇರೆಯವರಿಗೆ.

ಕಳ್ಳನ ವಿಷಯಕ್ಕೆ ಬರೋಣ. ಅವನು ಅಡ್ಡಾಡುವ ಮಿಲ್ಲಿಗಾಗಿ ಕಾದು ಕೂತಿಲ್ಲ. ಅವನ ಹತ್ತಿರ ಚೈನ್‌ಸಾ ಇದೆ. ಬೈಕಿನ ಮೇಲೆ ಗೋಣಿಯಲ್ಲಿ ಸುತ್ತಿ ಒಯ್ಯಬಹುದು, ಕಡಿಯಲೂ ಆಗುತ್ತದೆ, ಸೀಳಲೂ ಆಗುತ್ತದೆ. ಹಳಿ ಜೋಡಿಸಿ, ಮಟ್ಟ ನೋಡಿ, ದಿಮ್ಮಿ ಉರುಳಿಸಿ, ಮೂರು ಊರಿಗೆ ಕೇಳುವಂತೆ ಇಡೀ ದಿನ ಸದ್ದು ಮಾಡುವ ಯಂತ್ರವನ್ನು ಕಾಡಿಗೆ ಎಳೆದೊಯ್ಯುವ ಕಳ್ಳ ಬುದ್ಧಿವಂತನಲ್ಲ. ನಿಷೇಧದ ಬಿಸಿ ತಟ್ಟುವುದು ಯಾರಿಗೆ ಎಂದರೆ, ಕಾನೂನಿಗೆ ಹೆದರುವ ನಮ್ಮಂಥವರಿಗೆ.

ಚೈನ್‌ಸಾ ನುಂಗುವ ಮರ ಕಡಿಮೆಯೇನಲ್ಲ. ಅದರ ಸರಪಳಿ ಹಾದಲ್ಲೆಲ್ಲ ಸುಮಾರು 8 ಮಿ.ಮೀ. ಮರ ಪುಡಿಯಾಗುತ್ತದೆ. ಸಣ್ಣ ಯಂತ್ರದ ತೆಳು ಪಟ್ಟಿ ಗರಗಸ ತಿನ್ನುವುದು ಎರಡೂವರೆ ಮಿ.ಮೀ. ಆಸುಪಾಸು. 30 ಸೆಂ.ಮೀ. ಎತ್ತರದ ಚೌಕ ತೊಲೆಯಿಂದ 25 ಮಿ.ಮೀ. ದಪ್ಪದ ಹಲಗೆ ತೆಗೆಯುವುದಾದರೆ ಪಟ್ಟಿ ಗರಗಸಕ್ಕೆ ಹನ್ನೊಂದು ಸಿಗುತ್ತವೆ, ಚೈನ್‌ಸಾಗೆ ಒಂಬತ್ತು. ಅದೇ ಬಾಗಿಲು ಮಾಡಲು ಇನ್ನೊಂದು ಮರ ಉರುಳಬೇಕಾಗುವುದು ಹೀಗೆ.

ನನ್ನ ಮುಖ್ಯ ವಾದ ಇನ್ನೊಂದಿದೆ. ಪೇಟೆಯ ಮಿಲ್ಲಿಗೆ ಹತ್ತು ಊರಿನ ದಿಮ್ಮಿ ಬರುತ್ತವೆ. ಒಮ್ಮೆ ಗರಗಸಕ್ಕೆ ಕೊಟ್ಟು ರೀಪು, ಪಕಾಸಿ ಮಾಡಿ ರಾಶಿ ಹಾಕಿದ ಮೇಲೆ ಯಾವುದು ರಹದಾರಿಯದು, ಯಾವುದು ರಾತ್ರಿಯದು ಎಂದು ಬ್ರಹ್ಮನೂ ಹೇಳಲಾರ. ಕಳ್ಳಮರ ಮಡಿಯಾಗುವುದು ಅಲ್ಲೇ. ಮರ ಬಿದ್ದಲ್ಲೇ ಕೊಯ್ದರೆ ಬೊಡ್ಡೆ ಅಲ್ಲಿರುತ್ತದೆ, ತೊಗಟೆ ಅಲ್ಲಿರುತ್ತದೆ, ಹೊಟ್ಟಿನ ಗುಡ್ಡೆ ಅಲ್ಲಿರುತ್ತದೆ, ಹಲಗೆಯ ಅಟ್ಟಿಯೂ ಅಲ್ಲೇ. ಗಾರ್ಡು ಬಂದು ಬೊಡ್ಡೆಯ ಸುತ್ತಳತೆ ಹಿಡಿದು ಹಲಗೆ ಎಣಿಸಿದರೆ ಲೆಕ್ಕ ಮುಗಿಯಿತು. ಇಷ್ಟು ಸಾಕ್ಷ್ಯ ಬೇರೆಲ್ಲಿ ಸಿಗುತ್ತದೆ?

ಇದು ಹೊಲದಂಚಿನಲ್ಲಿ ಕೂತು ಕಂಡ ಕನಸಲ್ಲ. ದಕ್ಷಿಣ ಅಮೆರಿಕದ ಗಯಾನಾದಲ್ಲಿ ಕಾಡಿನಲ್ಲೇ ಹಲಗೆ ಕೊಯ್ಯುವುದು ಪರವಾನಗಿ ಪಡೆದ ಕಸುಬು. ಅಲ್ಲಿನ ಅರಣ್ಯ ಆಯೋಗ ಸಂಖ್ಯೆಯಿರುವ ಚೀಟಿ ಕೊಡುತ್ತದೆ. ಅದರ ಅರ್ಧವನ್ನು ಬೊಡ್ಡೆಗೆ ಹೊಡೆಯಬೇಕು, ಅದೇ ಸಂಖ್ಯೆಯ ಉಳಿದರ್ಧ ಮರದ ಜೊತೆ ಸಾಗಬೇಕು. ಆಫ್ರಿಕಾದ ಘಾನಾ ಬೇರೆ ದಾರಿ ಹಿಡಿಯಿತು. 1998ರಲ್ಲಿ ಮಾರಾಟಕ್ಕಾಗಿ ಚೈನ್‌ಸಾದಿಂದ ಹಲಗೆ ಕೊಯ್ಯುವುದನ್ನು ನಿಷೇಧಿಸಿತು. ಅದಾದ ಮೇಲೂ ಅಲ್ಲಿನ ಊರೊಳಗಿನ ಮಾರುಕಟ್ಟೆಗೆ ಬಂದ ಹಲಗೆಯಲ್ಲಿ ಬಹುಪಾಲು ಚೈನ್‌ಸಾದ್ದೇ. ಕಸುಬು ನಿಲ್ಲಲಿಲ್ಲ, ಕತ್ತಲೆಗೆ ಸರಿಯಿತು ಅಷ್ಟೆ.

ಯಂತ್ರದ ಭಕ್ತರಿಗೂ ಎರಡು ಮಾತು. ಮೊಬೈಲಿನಲ್ಲಿ ವಿಡಿಯೋ ನೋಡಿ, ದಿಮ್ಮಿಯಿಂದ ಹಲಗೆ ಬೆಣ್ಣೆಯಂತೆ ಜಾರುವುದನ್ನು ಕಂಡು, ಸಾಲ ಮಾಡಿಯಾದರೂ ಒಂದು ಕೊಂಡುಬಿಡೋಣ ಎನ್ನುವವರು ನಮ್ಮಲ್ಲಿದ್ದಾರೆ. ಮನೆಯ ಹತ್ತಿರದ ಮರದೊಳಗೆ ಮೊಳೆ ಇರುತ್ತದೆ, ಬೇಲಿ ಮರ ನುಂಗಿದ ಮುಳ್ಳುತಂತಿ ಇರುತ್ತದೆ. ಒಂದು ಮೊಳೆ ಸಿಕ್ಕರೆ ಆ ಪಟ್ಟಿಯ ಹಲ್ಲು ಹೋಯಿತು. ಎಳೆದು ತಂದ ದಿಮ್ಮಿಯ ತೊಗಟೆಯಲ್ಲಿನ ಜಂಬಿಟ್ಟಿಗೆ ಮಣ್ಣೂ ಹಲ್ಲು ಮೊಂಡು ಮಾಡುತ್ತದೆ. ನೀಲಗಿರಿ ಮರ ಒಳಗೇ ಬಿಗಿತ ಹಿಡಿದುಕೊಂಡಿರುತ್ತದೆ, ಕೊಯ್ಯುತ್ತಿದ್ದಂತೆ ಹಲಗೆ ಬಿಲ್ಲಾಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಕೊಯ್ದದ್ದು ಅರ್ಧ ಕೆಲಸ. ಹಸಿ ಹಲಗೆಯನ್ನು ನೆರಳಿನಲ್ಲಿ, ನಡುವೆ ರೀಪು ಕೊಟ್ಟು ಪೇರಿಸಿ, ತುದಿಗಳಿಗೆ ಬಣ್ಣ ಬಳಿದು, ಮೇಲೆ ಭಾರ ಹೇರಿ ತಿಂಗಳುಗಟ್ಟಲೆ ಕಾಯಬೇಕು. ನಮ್ಮ ಮಳೆಗಾಲದಲ್ಲಿ ಇನ್ನೂ ಹೆಚ್ಚು. ಆ ತಾಳ್ಮೆ ಇಲ್ಲದವನ ಬಾಗಿಲು ಎರಡನೇ ಬೇಸಿಗೆಗೆ ಚೌಕಟ್ಟಿನಿಂದ ಮುಖ ತಿರುಗಿಸುತ್ತದೆ. ಮನೆಗೊಂದು ಯಂತ್ರ ಬೇಡ. ಸಹಕಾರ ಸಂಘಕ್ಕೊಂದು, ಅದನ್ನು ನಡೆಸಬಲ್ಲ ಇಬ್ಬರು ತರಬೇತಾದ ಹುಡುಗರು ಸಾಕು. ತರಬೇತಿಗೆ ವಿದೇಶಕ್ಕೆ ಹೋಗಬೇಕಾಗಿಲ್ಲ, ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರವಿಜ್ಞಾನದ ರಾಷ್ಟ್ರೀಯ ಸಂಸ್ಥೆಯೇ ಇದೆ.

ಅರಣ್ಯ ಇಲಾಖೆಯವರಲ್ಲಿ ನನ್ನ ಬೇಡಿಕೆ ಸಣ್ಣದು. ಯಂತ್ರಕ್ಕೆ ವಾಹನದ ಹಾಗೆ ಒಂದು ಸಂಖ್ಯೆ ಕೊಡಿ. ನಡೆಸುವವನಿಗೆ ಪರವಾನಗಿ ಕೊಡಿ, ತಪ್ಪಿದರೆ ಕಿತ್ತುಕೊಳ್ಳಿ. ಯಾವ ಸರ್ವೆ ನಂಬರಿನಲ್ಲಿ ಯಾವ ದಿನ ಕೊಯ್ಯುತ್ತಾನೆಂದು ಮೊದಲೇ ಹೇಳಿಸಿ. ಕಾಡಿನೊಳಗೆ ಕಂಡರೆ ಜಪ್ತಿ ಮಾಡಿ, ನಾವು ಯಾರೂ ಬಿಡಿಸಲು ಬರುವುದಿಲ್ಲ. ಹಿಡುವಳಿ ಜಮೀನಿನ ಬೊಡ್ಡೆಗೆ ನಿಮ್ಮ ಸುತ್ತಿಗೆಯ ಮುದ್ರೆ ಬಿದ್ದ ಮೇಲೆ ಮಾತ್ರ ಗರಗಸ ಚಾಲೂ ಆಗಲಿ. ಒಂದೇ ಒಂದು ತಾಲ್ಲೂಕಿನಲ್ಲಿ, ಗಾಳಿಗೆ ಬಿದ್ದ ಮರಗಳಿಗೆ ಮಾತ್ರ, ಎರಡು ವರ್ಷ ಮಾಡಿ ನೋಡಿ. ಮುಂದಿನ ಆಷಾಢಕ್ಕೆ ಮೊದಲು ಶುರುವಾದರೆ ಒಳ್ಳೆಯದು. ನಮ್ಮ ಬಾವಿಕಟ್ಟೆಯ ಪಕ್ಕದ ಹೆಬ್ಬಲಸು ಈಗಾಗಲೇ ಒಂದು ಕಡೆ ವಾಲಿದೆ.