ಯಾಸ್ಮಿನ್ ಖಾಲಾ ಹೇಳದೆ ಬಿಟ್ಟ ಸೂರತ್

ಪ್ರಜಾಪ್ರಭುತ್ವ ಮತ್ತು ಸರ್ಕಾರದ ನಡೆಯನ್ನು ಹನ್ನೊಂದು ಹನ್ನೆರಡರ ವಯಸ್ಸಿನ ಮಕ್ಕಳಿಗೆ ವಿವರಿಸಲು ಈ ದೇಶದಲ್ಲಿ ನಡೆದ ಪ್ರಯತ್ನಗಳ ಪೈಕಿ, ಎನ್‌ಸಿಇಆರ್‌ಟಿ ಎಂದೇ ಪರಿಚಿತವಾದ ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಮಂಡಳಿಯು 2006ರಲ್ಲಿ ಆರನೆಯ ತರಗತಿಗೆಂದು ಹೊರತಂದ ‘ಸೋಷಿಯಲ್ ಅಂಡ್ ಪೊಲಿಟಿಕಲ್ ಲೈಫ್’ ಪುಸ್ತಕ ಅತ್ಯಂತ ಧೈರ್ಯದ್ದು. ಅದಕ್ಕೂ ಹಿಂದಿನ ಪೌರನೀತಿ, ಅಂದರೆ ಒಳ್ಳೆಯ ನಾಗರಿಕನ ಕರ್ತವ್ಯಗಳನ್ನೂ ಅಧಿಕಾರಿಗಳ ಅರ್ಹತೆಗಳನ್ನೂ ಪಟ್ಟಿಮಾಡಿ ಬಾಯಿಪಾಠ ಮಾಡಿಸುತ್ತಿದ್ದ ವಿಷಯವನ್ನು, 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ವಸಾಹತುಕಾಲದ ಅವಶೇಷವೆಂದು ಬದಿಗಿಟ್ಟಿದ್ದರಿಂದ, ಹೊಸ ಪುಸ್ತಕ ಸಂವಿಧಾನದ ವಿಧಿಗಳನ್ನು ಬಿಟ್ಟು ಬೀದಿಯಿಂದ ಆರಂಭಿಸಿತು. ಸಿಬಿಎಸ್‌ಇ ಶಾಲೆಗಳಲ್ಲಿ ಓದಿದ ಕರ್ನಾಟಕದ ಮಕ್ಕಳ ಒಂದಿಡೀ ಪೀಳಿಗೆ ಇದರಿಂದಲೇ ಸರ್ಕಾರವನ್ನು ಅರಿತುಕೊಂಡಿತು.

ಪುಸ್ತಕದ ನಗರಾಡಳಿತದ ಅಧ್ಯಾಯದಲ್ಲಿ ಕ್ರಿಕೆಟ್ ಚೆಂಡು ಬೀದಿದೀಪವನ್ನು ಒಡೆಯುತ್ತದೆ. ಹೊಸ ದೀಪದ ಹಣ ಯಾರು ಕೊಡಬೇಕೆಂಬ ಮಕ್ಕಳ ಜಗಳವನ್ನು ಮಹಾನಗರಪಾಲಿಕೆಯ ನಿವೃತ್ತ ನೌಕರಳಾದ ಯಾಸ್ಮಿನ್ ಖಾಲಾ ಬಗೆಹರಿಸುತ್ತಾಳೆ. ಊರನ್ನು ವಾರ್ಡುಗಳೆಂಬ ಭಾಗಗಳಾಗಿ ವಿಂಗಡಿಸಲಾಗುತ್ತದೆ, ಪ್ರತಿ ವಾರ್ಡಿನಿಂದ ಜನ ಸದಸ್ಯನನ್ನು ಆರಿಸುತ್ತಾರೆ, ಸದಸ್ಯರು ನಿರ್ಧರಿಸಿದ್ದನ್ನು ಸರ್ಕಾರ ನೇಮಿಸಿದ ಆಯುಕ್ತ ತನ್ನ ಸಿಬ್ಬಂದಿಯಿಂದ ಮಾಡಿಸುತ್ತಾನೆ ಎಂಬ ವಿವರಣೆ ಅವಳ ಮಾತಿನಲ್ಲಿ ಸರಾಗವಾಗಿ ಬರುತ್ತದೆ. ಕಸ ಎತ್ತದ್ದಕ್ಕೆ ಸಿಟ್ಟಾದ ಗಂಗಾಬಾಯಿ ಎಂಬ ಹೆಂಗಸು ನೆರೆಹೊರೆಯವರನ್ನು ಕೂಡಿಸಿಕೊಂಡು ಮೊದಲು ವಾರ್ಡ್ ಸದಸ್ಯನ ಬಳಿಗೆ, ಆಮೇಲೆ ಆಯುಕ್ತನ ಕಚೇರಿಗೆ ಹೋಗಿ, ಲಾರಿ ಸಾಲದೆಂಬ ಅವನ ನೆಪಕ್ಕೆ ಸಿರಿವಂತರ ಬಡಾವಣೆಯಲ್ಲಿ ಮಾತ್ರ ಲಾರಿಗೆ ಬರವಿಲ್ಲವಲ್ಲ ಎಂದು ತಿರುಗಿ ಕೇಳುವ ಪ್ರಸಂಗವಂತೂ ನಮ್ಮ ಪಠ್ಯಪುಸ್ತಕಗಳಲ್ಲಿ ಅಪರೂಪದ್ದು.

ಇದೇ ಅಧ್ಯಾಯದಲ್ಲಿ ಚೌಕಟ್ಟಿನೊಳಗೆ ಸೂರತ್ ನಗರದ ಸಂಗತಿಯಿದೆ. 1994ರ ಸೆಪ್ಟೆಂಬರಿನಲ್ಲಿ ಅಲ್ಲಿ ಪ್ಲೇಗ್ ಕಾಣಿಸಿಕೊಂಡಿತು, ಪಾಲಿಕೆ ಕಸ ಎತ್ತುತ್ತಿರಲಿಲ್ಲ, ಜನ ಸತ್ತರು, ಮೂರು ಲಕ್ಷಕ್ಕೂ ಹೆಚ್ಚು ಮಂದಿ ಊರು ಬಿಟ್ಟರು, ಆ ಭಯವೇ ಪಾಲಿಕೆಯಿಂದ ಊರನ್ನು ತೊಳೆಸಿತು ಎಂದು ಕಥೆ ಮುಗಿಯುತ್ತದೆ. ಕಲ್ಪನೆಯ ಗಂಗಾಬಾಯಿಗೆ ಹೆಸರು, ಮಾತು, ಎದುರಾಳಿ ಎಲ್ಲವೂ ಇದ್ದರೆ, ನಿಜವಾದ ಸೂರತ್ತಿನಲ್ಲಿ ಭಯವನ್ನು ಬಿಟ್ಟರೆ ಕರ್ತೃವೇ ಇಲ್ಲ. ರೋಗ ಮೊದಲು ಕಾಣಿಸಿಕೊಂಡ ವೇಡ್ ರಸ್ತೆಯ ಕೊಳೆಗೇರಿಗಳಲ್ಲಿ ಇದ್ದವರು ವಲಸೆ ಬಂದ ಕೂಲಿಗಳೆಂಬುದಾಗಲಿ, 1995ರಲ್ಲಿ ಆಯುಕ್ತರಾಗಿ ಬಂದ ಎಸ್. ಆರ್. ರಾವ್ ನಗರವನ್ನು ಆರು ವಲಯಗಳಾಗಿ ಒಡೆದು, ತಮ್ಮ ಅಧಿಕಾರವನ್ನು ವಲಯಾಧಿಕಾರಿಗಳಿಗೆ ಹಂಚಿ, ಅವರನ್ನು ದಿನವೂ ಬೀದಿಗೆ ಇಳಿಸಿದರೆಂಬುದಾಗಲಿ ಅಲ್ಲಿ ಬರುವುದಿಲ್ಲ. ರಾವ್ ಅವರ ಹೆಸರನ್ನು ಸೇರಿಸಿದರೂ ಪಾಠ ಪೂರ್ಣವಾಗುತ್ತಿರಲಿಲ್ಲ ಎನ್ನುವುದು ಬೇರೆ ಮಾತು. ಆಯುಕ್ತ ಚುನಾಯಿತನಲ್ಲ, ಅವನನ್ನು ಕಳುಹಿಸುವುದೂ ಕರೆಸಿಕೊಳ್ಳುವುದೂ ರಾಜ್ಯ ಸರ್ಕಾರ. ಹಾಗಿದ್ದ ಮೇಲೆ ಊರು ಚೊಕ್ಕಟವಾದದ್ದರಲ್ಲಿ ಮತದಾರನ ಪಾಲೆಷ್ಟು ಎಂಬ ಪ್ರಶ್ನೆಯನ್ನು ಪುಸ್ತಕ ಮಗುವಿನ ಮುಂದೆ ಇಡಬೇಕಿತ್ತು. ನಗರಗಳ ಸ್ವಚ್ಛತೆಯನ್ನು ಅಳೆಯುವ ಸ್ವಚ್ಛ ಸರ್ವೇಕ್ಷಣೆಯ 2023ರ ಪಟ್ಟಿಯಲ್ಲಿ ಸೂರತ್ ಇಂದೋರಿನ ಜೊತೆ ಮೊದಲ ಸ್ಥಾನ ಹಂಚಿಕೊಂಡ ಮೇಲೂ ಆ ಪ್ರಶ್ನೆ ಹಾಗೆಯೇ ಉಳಿದಿದೆ.

ಸೂರತ್ತಿನ ವರಾಛಾ ಬಡಾವಣೆಯನ್ನು ಎದುರಿಗಿಟ್ಟು ಓದಿದರೆ ಈ ಕೊರತೆ ಇನ್ನಷ್ಟು ಎದ್ದು ಕಾಣುತ್ತದೆ. ಸೌರಾಷ್ಟ್ರದ ಅಮ್ರೇಲಿ, ಭಾವನಗರಗಳಿಂದ ಬಂದು ವಜ್ರ ಸಾಣೆಹಿಡಿಯುವವರ, ತಮ್ಮನ್ನು ‘ರತ್ನಕಲಾಕಾರ್’ ಎಂದು ಕರೆದುಕೊಳ್ಳುವವರ ನೆಲೆ ಇದು. ಬಂದವರಲ್ಲಿ ಅನೇಕರು ಇಲ್ಲಿಯ ಮತದಾರರೇ ಆಗಿ, 2021ರ ಫೆಬ್ರವರಿಯ ಪಾಲಿಕೆ ಚುನಾವಣೆಯಲ್ಲಿ ಹೊಸ ಪಕ್ಷವೊಂದಕ್ಕೆ, ಆಮ್ ಆದ್ಮಿ ಪಕ್ಷಕ್ಕೆ, 120ರಲ್ಲಿ 27 ಸ್ಥಾನ ಸಿಗುವಂತೆ ಮಾಡಿದರು. ಕಾಂಗ್ರೆಸ್ಸಿಗೆ ಒಂದೂ ಬರಲಿಲ್ಲ. ಅದೇ ನಗರದ ಮಗ್ಗಗಳಲ್ಲಿ ದುಡಿಯುವ ಒಡಿಶಾದ ಗಂಜಾಂ ಜಿಲ್ಲೆಯವರಲ್ಲಿ ಅನೇಕರ ಹೆಸರು ಮಾತ್ರ ಇಂದಿಗೂ ತಮ್ಮ ಹುಟ್ಟೂರಿನ ಮತದಾರರ ಪಟ್ಟಿಯಲ್ಲಿದೆ. ಅವರ ಮಕ್ಕಳಿಗೆ ಪಾಲಿಕೆ ಒಡಿಯಾ ಮಾಧ್ಯಮದ ಶಾಲೆ ನಡೆಸುತ್ತದೆ, ಆದರೆ ಆ ಪಾಲಿಕೆಯನ್ನು ಆರಿಸುವಾಗ ಅಂಥ ಅಪ್ಪಂದಿರ ಲೆಕ್ಕವಿಲ್ಲ. ಊರಿನಲ್ಲಿ ಬಾಳುವುದಕ್ಕೂ ಊರಿನ ಮತದಾರನಾಗಿರುವುದಕ್ಕೂ ನಡುವೆ ಇರುವ ಈ ಅಂತರವನ್ನು ಯಾಸ್ಮಿನ್ ಖಾಲಾ ಹೇಳುವುದಿಲ್ಲ.

ಅದಕ್ಕಿಂತ ಕಠಿಣವಾದ ಪಾಠ 2024ರ ಲೋಕಸಭಾ ಚುನಾವಣೆಯಲ್ಲಿ ಬಂತು. ವರಾಛಾ ರಸ್ತೆ ವಿಧಾನಸಭಾ ಕ್ಷೇತ್ರ ಸೂರತ್ ಲೋಕಸಭಾ ಕ್ಷೇತ್ರದೊಳಗಿದೆ. ನಾಮಪತ್ರಕ್ಕೆ ಸಹಿಹಾಕಿ ಅಭ್ಯರ್ಥಿಯ ಹೆಸರನ್ನು ಮುಂದಿಡುವ ಮತದಾರನಿಗೆ ಸೂಚಕನೆಂದು ಹೆಸರು. ಕಾಂಗ್ರೆಸ್ ಅಭ್ಯರ್ಥಿಯ ಸೂಚಕರು ಆ ಸಹಿಗಳು ತಮ್ಮವಲ್ಲವೆಂದು ಹೇಳಿದ್ದರಿಂದ ಚುನಾವಣಾಧಿಕಾರಿ ನಾಮಪತ್ರವನ್ನು ತಿರಸ್ಕರಿಸಿದರು, ಉಳಿದವರು ಹಿಂದೆ ಸರಿದರು, ಏಪ್ರಿಲ್ 22ರಂದು ಭಾರತೀಯ ಜನತಾ ಪಕ್ಷದ ಮುಕೇಶ್ ದಲಾಲ್ ಅವಿರೋಧವಾಗಿ ಗೆದ್ದರೆಂದು ಘೋಷಣೆಯಾಯಿತು. ಕಣದಲ್ಲಿ ಒಬ್ಬನೇ ಉಳಿದರೆ ಮತದಾನವಿಲ್ಲದೆ ಅವನನ್ನೇ ಆಯ್ಕೆಯಾದವನೆಂದು ಸಾರಬೇಕೆನ್ನುತ್ತದೆ 1951ರ ಪ್ರಜಾಪ್ರತಿನಿಧಿ ಕಾಯ್ದೆಯ 53ನೆಯ ಕಲಮು. ಹಾಗಾಗಿ ಮೇ 7ರಂದು ಗುಜರಾತಿನ ಉಳಿದ ಕ್ಷೇತ್ರಗಳು ಮತ ಹಾಕಿದಾಗ ಇಲ್ಲಿ ಮತಗಟ್ಟೆಯೇ ತೆರೆಯಲಿಲ್ಲ. ಯಾರೂ ಬೇಡವೆನ್ನುವ ‘ನೋಟಾ’ ಗುಂಡಿಯನ್ನು ಒತ್ತುವ ಅವಕಾಶವೂ ಇರಲಿಲ್ಲ. ವರಾಛಾದ ಮಗುವೊಂದು ಹೀಗೇಕಾಯಿತೆಂದು ಕೇಳಿದರೆ, ಬೀದಿದೀಪದ ಕಥೆಯಲ್ಲಿ ಉತ್ತರ ಸಿಗುವುದಿಲ್ಲ. ಉತ್ತರವಿರುವುದು ಪುಸ್ತಕ ಒಣ ವಿವರಗಳೆಂದು ಕಿತ್ತೊಗೆದ ನಾಮಪತ್ರ, ಪರಿಶೀಲನೆ, ಹಿಂತೆಗೆತಗಳಲ್ಲಿ. ಪೌರನೀತಿಯ ಪಟ್ಟಿಗಳನ್ನು ಬಿಟ್ಟದ್ದು ಸರಿ, ಪಟ್ಟಿಯೊಳಗೆ ಅಡಗಿದ್ದ ವಿಧಿವಿಧಾನವನ್ನೂ ಬಿಟ್ಟದ್ದು ಪುಸ್ತಕದ ದೊಡ್ಡ ದೋಷ.

ವಿಧಿವಿಧಾನವನ್ನು ಬೇಸರವಿಲ್ಲದೆ ಕಲಿಸಬಹುದೆಂಬುದಕ್ಕೆ ಕನ್ನಡ ನಾಡಿನಲ್ಲೇ ನಿದರ್ಶನವಿದೆ. 1990ರ ದಶಕದಲ್ಲಿ ಕುಂದಾಪುರ ತಾಲ್ಲೂಕಿನಲ್ಲಿ ದುಡಿಯುವ ಮಕ್ಕಳ ಭೀಮ ಸಂಘದ ಮುಂದಾಳತ್ವದಲ್ಲಿ ಹುಟ್ಟಿದ ಮಕ್ಕಳ ಪಂಚಾಯಿತಿಗಳಲ್ಲಿ ಮಕ್ಕಳೇ ಮತ ಹಾಕಿ ಪ್ರತಿನಿಧಿಗಳನ್ನು ಆರಿಸಿದರು, ಮಳೆಗಾಲದಲ್ಲಿ ಹಳ್ಳ ದಾಟಲು ಬೇಕಾದ ಕಾಲುಸಂಕಗಳಂಥ ಬೇಡಿಕೆಗಳನ್ನು ದೊಡ್ಡವರ ಪಂಚಾಯಿತಿಯ ಮುಂದಿಟ್ಟರು. ಆ ಬಳಿಕ ರಾಜ್ಯ ಸರ್ಕಾರ ಎಲ್ಲ ಗ್ರಾಮ ಪಂಚಾಯಿತಿಗಳೂ ನಡೆಸಬೇಕೆಂದ ಮಕ್ಕಳ ಗ್ರಾಮಸಭೆ ಎಷ್ಟೋ ಕಡೆ ಅಧಿಕಾರಿಗಳ ಭಾಷಣದ ಸಮಾರಂಭವಾಗಿ ಸೊರಗಿದೆಯೆಂಬುದನ್ನು ಮುಚ್ಚಿಡಬೇಕಿಲ್ಲ. ಆದರೂ ಯಾವ ಕಾಗದವನ್ನು ಯಾರ ಕೈಗೆ ಕೊಡಬೇಕು, ಉತ್ತರ ಬಾರದಿದ್ದರೆ ಮುಂದಿನ ಮೆಟ್ಟಿಲು ಯಾವುದು ಎಂಬ ಅರಿವು ಅಲ್ಲಿ ಕಥೆಯಿಂದ ಬಂದದ್ದಲ್ಲ, ಮಾಡಿ ಕಲಿತದ್ದು.

2024ರಲ್ಲಿ ಆರನೆಯ ತರಗತಿಗೆ ಬಂದ ಎನ್‌ಸಿಇಆರ್‌ಟಿಯ ಹೊಸ ಪುಸ್ತಕ ತಳಮಟ್ಟದ ಪ್ರಜಾಪ್ರಭುತ್ವಕ್ಕೆ ಮೂರು ಅಧ್ಯಾಯಗಳನ್ನು ಮೀಸಲಿಟ್ಟಿದೆ. ಅದನ್ನು ಅಳೆಯಲು ಸೂರತ್ತಿನ ಒಂದು ಸಣ್ಣ ವಿವರ ಸಾಕು: ಅಲ್ಲಿಯ 30 ವಾರ್ಡುಗಳಲ್ಲಿ ಪ್ರತಿಯೊಂದಕ್ಕೂ ಒಬ್ಬರಲ್ಲ, ನಾಲ್ವರು ಸದಸ್ಯರು, ಅವರಲ್ಲಿ ಇಬ್ಬರು ಕಡ್ಡಾಯವಾಗಿ ಮಹಿಳೆಯರು. ಒಂದು ವಾರ್ಡಿಗೆ ಒಬ್ಬನೇ ಸದಸ್ಯನೆಂದು ನಂಬಿ ಹೊರಟ ಗಂಗಾಬಾಯಿ ಇಲ್ಲಿ ನಾಲ್ಕು ಬಾಗಿಲುಗಳಲ್ಲಿ ಯಾವುದನ್ನು ತಟ್ಟಬೇಕೆಂದು ಮೊದಲು ತೀರ್ಮಾನಿಸಬೇಕಾಗುತ್ತದೆ, ಪ್ರತಿ ಬಾಗಿಲಲ್ಲೂ ಉಳಿದ ಮೂವರನ್ನು ಕೇಳಿ ಎಂಬ ಉತ್ತರಕ್ಕೆ ಸಿದ್ಧಳಾಗಿಯೇ ಹೋಗಬೇಕಾಗುತ್ತದೆ.